ಕುದುರೆಯ ಕಾಲಿಗೆ ತೆಗೆದ ಮೂರು ಫಿಲ್ಮು

ಚನ್ನಪಟ್ಟಣದ ಮೂಳೆ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ನಾನು ಎಂಟು ವರ್ಷ ಎಕ್ಸ್‌ರೇ ತೆಗೆಯುವ ಕೆಲಸ ಮಾಡಿದೆ. ಬೆಂಗಳೂರು ಮೈಸೂರು ರಸ್ತೆಯನ್ನು ಅಗಲ ಮಾಡುತ್ತಿದ್ದ ಕಾಲ ಅದು. ಬಿಡದಿಯ ಕಡೆ ಕಾರ್ಖಾನೆಗಳು ಬಂದಿದ್ದವು, ಹಳ್ಳಿಗಳಿಗೆ ಹೊಸದಾಗಿ ಟಾರು ಬಿದ್ದಿತ್ತು, ಬೈಕುಗಳು ಹೆಚ್ಚಿದ್ದವು. ಮುರಿದ ಕೈಕಾಲುಗಳಿಗೆ ನಮ್ಮಲ್ಲಿ ಬರವಿರಲಿಲ್ಲ. ಭಾನುವಾರ ಮಾತ್ರ ಕ್ಲಿನಿಕ್ಕು ಮುಚ್ಚಿರುತ್ತಿತ್ತು. ಆವತ್ತೂ ನಾನು ರಾಮನಗರದ ಮನೆಯಿಂದ ಬೆಳಗಿನ ರೈಲಿಗೆ ಬಂದು, ಫಿಲ್ಮು ತೊಳೆಯುವ ದ್ರಾವಣ ಬದಲಿಸಿ, ಡಾರ್ಕ್ ರೂಮು ಒರೆಸಿ ಹೋಗುತ್ತಿದ್ದೆ. ಅದಕ್ಕೆಂದು ಡಾಕ್ಟರು ಒಂದು ಬೀಗದಕೈ ನನ್ನ ಹತ್ತಿರ ಬಿಟ್ಟಿದ್ದರು. ಒಬ್ಬರೇ ಇದ್ದಾಗ ಮಷೀನು ಮುಟ್ಟಬಾರದು ಅಂತ ಹೇಳಿಯೂ ಇದ್ದರು.

ಅಂಥ ಒಂದು ಭಾನುವಾರ ಪಶು ಆಸ್ಪತ್ರೆಯ ಡಾಕ್ಟರು ಸ್ಕೂಟರಿನಲ್ಲಿ ಬಂದು ಬಾಗಿಲು ತಟ್ಟಿದರು. ನಿವೃತ್ತಿಗೆ ಹತ್ತಿರವಾಗಿದ್ದ, ಮೆತ್ತಗೆ ಮಾತಾಡುವ ಮನುಷ್ಯ. ಅವರ ಮೊಣಕೈ ನೋವಿಗೆ ನಾನೇ ಹಿಂದೊಮ್ಮೆ ಫಿಲ್ಮು ತೆಗೆದಿದ್ದೆ. ಆವತ್ತು ಅವರ ಮುಖದಲ್ಲಿ ನಗು ಇರಲಿಲ್ಲ.

"ಒಂದು ಕಾಲಿನ ಫಿಲ್ಮು ತೆಗೆಯಬೇಕಮ್ಮ. ಈಗಲೇ ಆಗಬೇಕು. ಮಧ್ಯಾಹ್ನ ಕಳೆದರೆ ತೆಗೆದೂ ಪ್ರಯೋಜನ ಇಲ್ಲ."

ರೋಗಿ ಎಲ್ಲಿ ಅಂತ ಕೇಳಿದೆ. ಅವರು ತಿರುಗಿ ಗೇಟಿನ ಕಡೆ ನೋಡಿದರು. ಗೇಟಿನ ಆಚೆ ಕಂದು ಬಣ್ಣದ ಒಂದು ಹೆಣ್ಣು ಕುದುರೆ ಎಡ ಮುಂಗಾಲಿನ ಮೇಲೆ ಭಾರ ಬಿಡದೆ ನಿಂತಿತ್ತು. ಅದರ ಕೊರಳಿಗೆ ಕೈ ಹಾಕಿಕೊಂಡು ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ನಿಂತಿದ್ದಳು. ಅವಳ ಗಂಡ ಸ್ವಲ್ಪ ದೂರದಲ್ಲಿ, ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ ಬೀಡಿ ಸೇದುತ್ತಿದ್ದ.

ಅವರು ಊರಿನಿಂದ ಐದಾರು ಕಿಲೋಮೀಟರು ಒಳಗಿನ ಹಳ್ಳಿಯ ಒಕ್ಕಲು ಮನೆಯವರು. ಒಂದಿಷ್ಟು ಹೊಲ, ಅದರ ಜೊತೆಗೆ ಒಂದು ಜಟಕಾ ಗಾಡಿ. ಕುದುರೆಗೆ ಆಗ ಮೂರು ವರ್ಷ ತುಂಬಿ ನಾಲ್ಕು ನಡೆಯುತ್ತಿತ್ತು. ಮಂಡಿಯ ಕೆಳಗೆ, ಕಾಲಿನ ಒಳಮಗ್ಗುಲಿಗೆ, ಹುಣಸೆಬೀಜದಷ್ಟು ಇದ್ದ ಗಂಟು ಹತ್ತು ದಿನದಲ್ಲಿ ನೆಲ್ಲಿಕಾಯಿಯಷ್ಟಾಗಿತ್ತು. ಮುಟ್ಟಿದರೆ ಬಿಸಿ. ಒತ್ತಿದರೆ ಕಾಲು ಕಿತ್ತುಕೊಳ್ಳುತ್ತಿತ್ತು. ಕಾಲಿನ ಮೂಳೆ ಮುರಿದಿದೆ ಎಂದು ಹಳ್ಳಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಹೇಳಿ ಗಂಡನನ್ನು ನಂಬಿಸಿದ್ದರು. ಮುರಿದ ಕಾಲಿನ ಕುದುರೆಯನ್ನು ಕೊಳ್ಳುವವನು ಒಬ್ಬನೇ. ಅವನು ಆ ಮಧ್ಯಾಹ್ನ ಲಾರಿ ತರುವವನಿದ್ದ. ಎಲ್ಲಿಗೆ ಒಯ್ಯುತ್ತಾನೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೆಂಡತಿ ಬೆಳಗಾಗುವ ಮುಂಚೆ ಕುದುರೆ ಬಿಚ್ಚಿಕೊಂಡು, ಕುಂಟಿಸಿಕೊಂಡೇ ಪಶು ಆಸ್ಪತ್ರೆಯ ತನಕ ನಡೆಸಿಕೊಂಡು ಬಂದುಬಿಟ್ಟಿದ್ದಳು. ಗಂಡ ಹಿಂದೆಯೇ ಸೈಕಲ್ಲಿನಲ್ಲಿ ಬಂದಿದ್ದ.

"ಇದು ಸ್ಪ್ಲಿಂಟ್ ಅನ್ನೋ ಕಾಯಿಲೆ ಇರಬಹುದು. ಹಾಗಿದ್ದರೆ ಕುದುರೆ ಉಳಿಯುತ್ತೆ," ಎಂದರು ಪಶು ಡಾಕ್ಟರು. "ಪಕ್ಕದ ಸಣ್ಣ ಮೂಳೆ ಮುರಿದಿದ್ದರೆ ಬೇರೆ ಮಾತು. ಕೈಯಲ್ಲಿ ಮುಟ್ಟಿ ಇಷ್ಟೇ ಅಂತ ಹೇಳೋ ಧೈರ್ಯ ನನಗಿಲ್ಲ. ನಾನು ಹೇಳಿದರೂ ಅವನು ನಂಬೋದಿಲ್ಲ."

ನಾನು ನಮ್ಮ ಡಾಕ್ಟರ ಮನೆಗೆ ಫೋನು ಮಾಡಿದೆ. ಅವರು ಮದುವೆಗೆಂದು ಕನಕಪುರಕ್ಕೆ ಹೋಗಿದ್ದಾರೆ, ಬರುವುದು ಮಧ್ಯಾಹ್ನವಾಗಬಹುದು ಎಂದು ಮನೆಯವರು ಹೇಳಿದರು. ಆ ಮಷೀನಿನ ಮೇಲೆ ನನ್ನ ಮನೆಯ ಅನ್ನ ನಿಂತಿತ್ತು. ಜೊತೆಗೆ ಹನ್ನೊಂದು ಗಂಟೆಗೆ ಕರೆಂಟು ಹೋಗುವ ದಿನ ಅದು. ಬೀದಿಯ ಕಂಬಗಳ ಕೆಲಸ ನಡೆದಿತ್ತು. ಗಡಿಯಾರದಲ್ಲಿ ಹತ್ತು ದಾಟಿತ್ತು. ಆಗುವುದಿಲ್ಲ ಎಂದು ಹೇಳಲಿಕ್ಕೇ ನಾನು ಹೊರಗೆ ಬಂದದ್ದು. ಆ ಹೆಂಗಸು ನನ್ನ ಮುಖ ನೋಡಲೇ ಇಲ್ಲ. ಸೆರಗಿನ ತುದಿ ನೀರಿನಲ್ಲಿ ಅದ್ದಿ ಕುದುರೆಯ ಕಣ್ಣಿನ ಪಿಸುರು ಒರೆಸುತ್ತಿದ್ದಳು. ಗೇಟು ತೆಗೆದೆ.

ನಮ್ಮದು ಚಕ್ರದ ಮೇಲೆ ಓಡಾಡಿಸುವ ಸಣ್ಣ ಮಷೀನು. ಅದರ ಕೈ ಎಷ್ಟು ಇಳಿಸಿದರೂ ಕುದುರೆಯ ಕಾಲಿನ ಮಟ್ಟಕ್ಕೆ ಇಳಿಯುತ್ತಿರಲಿಲ್ಲ. ಅದಕ್ಕೆ ಹಿಂದಿನ ಜಗುಲಿಯ ಮೇಲೆ ಕುದುರೆಯನ್ನು ನಿಲ್ಲಿಸಿ, ಮಷೀನನ್ನು ಕೆಳಗೆ ಅಂಗಳಕ್ಕೆ ತಳ್ಳಿಕೊಂಡು ಬಂದೆವು. ಲಾಳದ ಕಾಲು ಸಿಮೆಂಟಿನ ಮೇಲೆ ಜಾರಬಾರದೆಂದು ಗೋಣಿಚೀಲ ಹಾಸಿದೆವು. ಕಿರಣ ತಡೆಯುವ ಸೀಸದ ಏಪ್ರನ್ನು ನಮ್ಮಲ್ಲಿ ಇದ್ದದ್ದು ಒಂದೇ. ಫಿಲ್ಮಿನ ಪೆಟ್ಟಿಗೆಯನ್ನು ಯಾರಾದರೂ ಕಾಲಿಗೆ ಒತ್ತಿ ಹಿಡಿಯಲೇಬೇಕು. ನಾನು ಹಿಡಿಯುತ್ತೇನೆ ಎಂದು ಪಶು ಡಾಕ್ಟರು ಬಗ್ಗಿದರೆ ಕುದುರೆ ಹಲ್ಲು ತೋರಿಸಿತು. ಏಪ್ರನ್ನನ್ನು ಆ ಹೆಂಗಸಿಗೆ ತೊಡಿಸಿದೆ. ಭಾರಕ್ಕೆ ಅವಳ ಹೆಗಲು ಕುಸಿಯಿತು. ಗೋಡೆಗೆ ಒರಗಿಸಿದ್ದ ಹಲಗೆಯೊಂದಕ್ಕೆ ಪೆಟ್ಟಿಗೆ ಕಟ್ಟಿ, ತೋಳು ಚಾಚಿ ದೂರದಿಂದಲೇ ಹಿಡಿಯಬೇಕೆಂದು ತೋರಿಸಿಕೊಟ್ಟೆ.

"ಒದ್ರೆ ನನ್ನೇ ಒದೀಲಿ ಬುಡಿ ಮೇಡಮ್ಮೋರೆ," ಎಂದಳು. "ನೀವು ಹುಷಾರು."

ನನಗೆ ಕುದುರೆ ಎಂದರೆ ಹೆದರಿಕೆ. ದನ ಕಟ್ಟಿದ ಮನೆಯಲ್ಲಿ ಬೆಳೆದವಳು ನಾನು. ದನ ಒದೆಯುವುದಕ್ಕೆ ಮುಂಚೆ ಗೊತ್ತಾಗುತ್ತದೆ. ಕುದುರೆಯ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ಸ್ವಿಚ್ಚಿನ ವೈರು ಎಳೆದಷ್ಟೂ ಎಳೆದುಕೊಂಡು ದೂರ ನಿಂತು, ದೊಡ್ಡವರ ಮುಂಗೈಗೆ ಕೊಡುವ ಕಿರಣಕ್ಕಿಂತ ಒಂದಿಷ್ಟು ಹೆಚ್ಚಿಗೆ ಇಟ್ಟು ಗುಂಡಿ ಒತ್ತಿದೆ. ಮಷೀನು ಗುಂಯ್ ಎಂದದ್ದೇ ತಡ, ಕುದುರೆ ಎಗರಿ ಹಿಂದಕ್ಕೆ ಹೋಯಿತು. ಗೋಣಿಚೀಲ ಜಾರಿತು. ಹಲಗೆ ಮಷೀನಿನ ಕೈಗೆ ಬಡಿದು, ಇಡೀ ಮಷೀನು ಒಂದು ಚಕ್ರದ ಮೇಲೆ ವಾಲಿತು. ಅದು ಬಿದ್ದಿದ್ದರೆ ನಾನು ಈ ಊರಿನಲ್ಲಿ ಇನ್ನೊಂದು ಕೆಲಸ ಹುಡುಕಿಕೊಳ್ಳಲು ಆಗುತ್ತಿರಲಿಲ್ಲ. ಅಲ್ಲಿಯ ತನಕ ದೂರದಲ್ಲೇ ಇದ್ದ ಗಂಡ ಓಡಿಬಂದು ಎರಡೂ ಕೈಯಲ್ಲಿ ಅದನ್ನು ತಬ್ಬಿ ಹಿಡಿದುಕೊಂಡ.

ಮೊದಲ ಫಿಲ್ಮು ಬರೀ ಮಸುಕು. ಹತ್ತೂಮುಕ್ಕಾಲು ಆಗುತ್ತಿತ್ತು.

ಎರಡನೆಯ ಸಲ ಪಶು ಡಾಕ್ಟರು ಗಂಡನಿಗೆ ಕುದುರೆಯ ಬಲ ಮುಂಗಾಲನ್ನು ಮಡಿಸಿ ಎತ್ತಿ ಹಿಡಿಯಲು ಹೇಳಿದರು. ಒಂದು ಮುಂಗಾಲು ಮೇಲಿದ್ದರೆ ಇನ್ನೊಂದನ್ನು ಎತ್ತಲು ಆಗುವುದಿಲ್ಲ. ಆದರೆ ಪೂರ್ತಿ ಭಾರ ನೋವಿರುವ ಕಾಲಿನ ಮೇಲೇ ಬೀಳುತ್ತದೆ. ಕುದುರೆಯ ಪಕ್ಕೆ ನಡುಗುತ್ತಿದ್ದುದು ನಾನು ನಿಂತಲ್ಲಿಗೆ ಕಾಣುತ್ತಿತ್ತು. ಗಂಡನ ಕುತ್ತಿಗೆಯ ನರಗಳು ಉಬ್ಬಿದ್ದವು. ಹೆಂಡತಿ ಕುದುರೆಯ ಹೊಟ್ಟೆಗೆ ಹಣೆ ತಾಗಿಸಿ ಏನನ್ನೋ ಹೇಳುತ್ತಲೇ ಇದ್ದಳು. ಗುಂಡಿ ಒತ್ತಿದೆ. ಯಾರೂ ಅಲುಗಲಿಲ್ಲ.

ಡಾರ್ಕ್ ರೂಮಿನ ಕೆಂಪು ದೀಪದಲ್ಲಿ ಫಿಲ್ಮು ಮೆಲ್ಲಗೆ ಮೂಡಿತು. ದಪ್ಪನೆಯ ಒಂದು ಮೂಳೆ, ಅದರ ಬೆನ್ನಿಗೆ ಅಂಟಿಕೊಂಡ ಹಾಗೆ ಕಡ್ಡಿಯಂಥ ಇನ್ನೊಂದು. ಗಂಟು ಇದ್ದ ಜಾಗದಲ್ಲಿ ಕಡ್ಡಿಯ ಅಡ್ಡಕ್ಕೆ ಒಂದು ಕಪ್ಪು ಗೆರೆ. ಅಂಥ ಗೆರೆ ಮನುಷ್ಯರ ಮೂಳೆಯಲ್ಲಿ ಕಂಡರೆ ನಾನು ಡಾಕ್ಟರು ನೋಡುವುದಕ್ಕೆ ಮುಂಚೆಯೇ ಪ್ಲಾಸ್ಟರಿಗೆ ನೀರು ಕಾಯಿಸಲು ಇಡುತ್ತಿದ್ದೆ. ನೀರು ಸೋರುತ್ತಿದ್ದ ಫಿಲ್ಮನ್ನೇ ಹೊರಗೆ ತಂದು ಪಶು ಡಾಕ್ಟರ ಕೈಗೆ ಕೊಟ್ಟೆ. ಅವರು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮುರ್ದೈತಾ ಸಾ?" ಗಂಡ ಕೇಳಿದ.

ಎರಡು ಮೂಳೆಗಳ ನೆರಳು ಒಂದರ ಮೇಲೊಂದು ಬಿದ್ದು ಹಾಗೆ ಕಾಣುತ್ತಿರಬಹುದು, ಓರೆಯಲ್ಲಿ ಇನ್ನೊಂದು ತೆಗೆಯದೆ ಹೇಳಲಾಗುವುದಿಲ್ಲ ಎಂದರು ಪಶು ಡಾಕ್ಟರು. ಗಂಡ ತಲೆ ಆಡಿಸಿದ. ಲಾರಿಯವನು ಹೊರಟಿರುತ್ತಾನೆ, ಇಷ್ಟಾದದ್ದು ಸಾಕು ಎಂದ. ಹೆಂಡತಿ ಮತ್ತೆ ಜಗುಲಿಯ ಮೇಲೆ ಕೂತು ಹಲಗೆ ಹಿಡಿದುಕೊಂಡಳು. ಅವನು ಒಂದು ಗಳಿಗೆ ಅವಳನ್ನೇ ನೋಡಿ, ಬಗ್ಗಿ ಬಲಗಾಲು ಎತ್ತಿದ.

ಮೂರನೆಯ ಫಿಲ್ಮು ದ್ರಾವಣದಲ್ಲಿ ಇಳಿಸಿದ್ದೆನಷ್ಟೆ, ಕೆಂಪು ದೀಪ ಆರಿಹೋಯಿತು. ಕರೆಂಟು ಹೋಗಿತ್ತು. ಗಡಿಯಾರವೂ ಕಾಣದ ಕತ್ತಲೆಯಲ್ಲಿ ಬಾಯಲ್ಲೇ ಎಣಿಸತೊಡಗಿದೆ. ನೂರಾ ಹತ್ತೋ ಇಪ್ಪತ್ತೋ ಎಣಿಸಿರಬೇಕು, ಗೇಟಿನ ಹತ್ತಿರ ಕಾರು ನಿಂತ ಸದ್ದು, ಬಾಗಿಲು ಹಾಕಿದ ಸದ್ದು. ಆಮೇಲೆ ನಮ್ಮ ಡಾಕ್ಟರ ದನಿ: "ಯಾರದ್ರೀ ಈ ಕುದುರೆ?"

ಮದುವೆಯ ಊಟಕ್ಕೂ ನಿಲ್ಲದೆ ಬಂದುಬಿಟ್ಟಿದ್ದರು. ಮನೆಯವರು ಛತ್ರಕ್ಕೆ ಫೋನು ಮಾಡಿ ನಾನು ಕರೆದ ವಿಷಯ ಅವರಿಗೆ ತಿಳಿಸಿದ್ದರು. ಅವರು ಡಾರ್ಕ್ ರೂಮಿನ ಬಾಗಿಲಿಗೆ ಬಂದು ನನ್ನನ್ನು ಕರೆದರು. ಬಾಗಿಲು ತೆಗೆದರೆ ಫಿಲ್ಮು ಹಾಳು. "ಇನ್ನೂ ತೊಳೀತಿದೀನಿ ಸರ್," ಎಂದೆ. ಹೋದರೋ ನಿಂತಿದ್ದಾರೋ ತಿಳಿಯಲಿಲ್ಲ. ಎಣಿಕೆ ತಪ್ಪಿತು. ಅಂದಾಜಿನ ಮೇಲೆ ಫಿಲ್ಮನ್ನು ಇನ್ನೊಂದು ತೊಟ್ಟಿಗೆ ಬದಲಿಸಿ ಕಾದೆ.

ಬಾಗಿಲು ತೆಗೆದಾಗ ಅವರು ಅಲ್ಲೇ ನಿಂತಿದ್ದರು. ಫಿಲ್ಮನ್ನು ನನ್ನ ಕೈಯಿಂದ ತೆಗೆದುಕೊಂಡು ಸೀದಾ ಅಂಗಳಕ್ಕೆ ನಡೆದರು. ಇಬ್ಬರು ಡಾಕ್ಟರೂ ಒಂದೇ ಫಿಲ್ಮಿನ ಕೆಳಗೆ ತಲೆ ಸೇರಿಸಿ ನಿಂತರು. ಸ್ವಲ್ಪ ಹೊತ್ತಿಗೆ ನಮ್ಮ ಡಾಕ್ಟರೇ ಬೆರಳಿಟ್ಟು ತೋರಿಸಿದರು.

"ಸಣ್ಣ ಮೂಳೆ ಮೇಲಿಂದ ಕೆಳಗಿನ ತನಕ ಇಡಿಯಾಗಿದೆ ನೋಡಿ. ಮುರಿದಿಲ್ಲ. ಮೂಳೆಯ ಮೇಲಿನ ಪೊರೆ ಎದ್ದು, ಅದರ ಕೆಳಗೆ ಹೊಸ ಮೂಳೆ ಕಟ್ಟುತ್ತಿದೆ."

ಹೆಂಡತಿ ಏಪ್ರನ್ನು ತೊಟ್ಟಂತೆಯೇ ಜಗುಲಿಯ ಮೇಲೆ ಕೂತುಬಿಟ್ಟಳು. ಗಂಡ ಮಾತ್ರ ಹಾಗಾದರೆ ಯಾಕೆ ಹೀಗಾಯಿತು ಎಂದು ಕೇಳಿದ. ಪಶು ಡಾಕ್ಟರು ಅವನನ್ನೇ ಒಂದೊಂದಾಗಿ ಕೇಳುತ್ತಾ ಹೋದರು. ಉತ್ತರ ಅವನ ಬಾಯಿಂದಲೇ ಬಂತು. ನಾಲ್ಕು ತಿಂಗಳ ಹಿಂದಿನ ತನಕ ಅವನು ಸಂತೆ, ಮದುವೆ, ರೈಲ್ವೆ ಸ್ಟೇಷನ್ನು ಎಂದು ನಿಧಾನಕ್ಕೆ ಗಾಡಿ ಹೊಡೆಯುತ್ತಿದ್ದವನು. ಆಮೇಲೆ ಹಳ್ಳಿಯ ಐದಾರು ಜನ ಬಿಡದಿಯ ಕಾರ್ಖಾನೆಗಳಿಗೆ ಸೇರಿದರು. ಬೆಳಗ್ಗೆ ಹೆದ್ದಾರಿಗೆ ಬರುವ ಕಂಪನಿ ಬಸ್ಸಿಗೆ ಅವರನ್ನು ಮುಟ್ಟಿಸುವ ಕೆಲಸ ಇವನಿಗೆ ಸಿಕ್ಕಿತು. "ಆ ಬಸ್ಸು ಒಂದ್ನಿಮಿಷ ಕಾಯಾಕಿಲ್ಲ ಸಾ. ಅದ್ಕೇ ಓಡುಸ್ತಿದ್ದೆ," ಎಂದ. ಮಣ್ಣಿನ ರಸ್ತೆ ಹೋಗಿ ಟಾರು ಬಂದದ್ದು ಒಳ್ಳೆಯದೇ ಆಯಿತು, ಚಕ್ರ ಹಗುರಕ್ಕೆ ಉರುಳುತ್ತದೆ ಎಂದುಕೊಂಡಿದ್ದನಂತೆ.

ಚಕ್ರಕ್ಕೆ ಹಗುರವಾದದ್ದು ಕಾಲಿಗೆ ಏಟು ಎಂದು ಪಶು ಡಾಕ್ಟರು ವಿವರಿಸಿದರು. ಎಳೆಯ ಕುದುರೆಯಲ್ಲಿ ದಪ್ಪ ಮೂಳೆಗೂ ಅದರ ಪಕ್ಕದ ಕಡ್ಡಿ ಮೂಳೆಗೂ ನಡುವೆ ನಾರು ಇರುತ್ತದೆ. ಗಟ್ಟಿ ನೆಲದ ಮೇಲೆ ದಿನಾ ಓಡಿಸಿದರೆ ಆ ನಾರು ಹರಿಯುತ್ತದೆ, ಊದಿಕೊಳ್ಳುತ್ತದೆ. ಹರಿದದ್ದನ್ನು ಬೆಸೆಯಲು ದೇಹ ಅಲ್ಲಿ ಮೂಳೆ ತುಂಬುತ್ತದೆ. ಅದೇ ಗಂಟು. ಈ ಕುದುರೆಗೆ ಗೊರಸೂ ಒಳಕ್ಕೆ ತಿರುಗಿತ್ತು. ಓಡುವಾಗ ಒಂದು ಕಾಲಿನ ಲಾಳ ಇನ್ನೊಂದು ಕಾಲಿಗೆ ತಾಗಿದ ಗೀರು ಇತ್ತು. ಎರಡು ತಿಂಗಳು ಗಾಡಿಗೆ ಕಟ್ಟಬಾರದು. ದಿನಕ್ಕೆ ಮೂರು ಸಲ ತಣ್ಣೀರು ಹೊಯ್ದು ಬಟ್ಟೆ ಸುತ್ತಬೇಕು. ಎಣ್ಣೆ ಹಚ್ಚಿ ತಿಕ್ಕಬಾರದು. ಕೆಲಸವಿಲ್ಲದಷ್ಟು ದಿನ ಹುರುಳಿ ಕಡಿಮೆ ಮಾಡಬೇಕು. ನೋವು ಇಳಿದ ಮೇಲೆ ಉತ್ತ ಹೊಲದ ಮೆತ್ತನೆ ಮಣ್ಣಿನಲ್ಲಿ ಹಗ್ಗ ಹಿಡಿದು ನಡೆಸಬೇಕು. ಲಾಳ ಕಟ್ಟುವವನಿಗೆ ಗೊರಸು ಹೇಗೆ ಕೆತ್ತಬೇಕೆಂದು ನಾನೇ ಹೇಳುತ್ತೇನೆ ಎಂದರು. ಗಂಟು ಕರಗಲೆಂದು ಕಾದ ಕಬ್ಬಿಣದ ಬರೆ ಮಾತ್ರ ಹಾಕಿಸಕೂಡದು ಎಂದು ಎರಡು ಸಲ ಹೇಳಿದರು.

ಲಾರಿಯವನನ್ನು ವಾಪಸು ಕಳಿಸುತ್ತೇನೆ ಎಂದು ಗಂಡ ಕುದುರೆಯ ಹಗ್ಗ ಹಿಡಿದ. ಅವರೆಲ್ಲ ಹೋದ ಮೇಲೆ ನಮ್ಮ ಡಾಕ್ಟರು ಜಗುಲಿಯ ಮೇಲಿನ ಲದ್ದಿ ನೋಡಿ, ನನ್ನನ್ನು ನೋಡಿದರು. ಜೋರು ಮಾಡಲಿಲ್ಲ. ಮಷೀನು ಬಿದ್ದು ಆ ಹೆಂಗಸಿನ ತಲೆ ಒಡೆದಿದ್ದರೆ ತಾವು ಯಾರಿಗೆ ಉತ್ತರ ಹೇಳಬೇಕಿತ್ತು ಎಂದು ಕೇಳಿದರು. ಅವರು ಕೈ ಚಾಚಿದರು. ಬೀಗದಕೈ ಕೊಟ್ಟೆ. ಅದು ಅನ್ಯಾಯ ಎಂದು ಆವತ್ತೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಜಗುಲಿ ತೊಳೆದು, ಬಿಸಿಲಿನಲ್ಲಿ ಸ್ಟೇಷನ್ನಿಗೆ ನಡೆದೆ.

ಐದು ವಾರ ಕಳೆದ ಮೇಲೆ, ರೋಗಿಗಳು ತುಂಬಿದ್ದ ಒಂದು ಮಧ್ಯಾಹ್ನ, ಆ ಹೆಂಗಸು ಕಿಟಕಿಯ ಹೊರಗೆ ನಿಂತು ನನ್ನನ್ನು ಕೈ ಮಾಡಿ ಕರೆದಳು. ಓಡಿಬಂದವಳಿಗೆ ಉಸಿರು ನಿಂತಿರಲಿಲ್ಲ.

"ಬರೆ ಹಾಕೋರ್ನ ಕರ್ಕಂಡ್ಬಂದವ್ರೆ. ಕಬ್ಣ ಕಾಯ್ಸಕ್ಕೆ ಇಟ್ಟವ್ರೆ. ಡಾಕುಟ್ರು ಆಸ್ಪತ್ರೇಲಿ ಇಲ್ಲ ಕಣವ್ವ."

ಗಂಟು ಕರಗಲಿಲ್ಲ ಎನ್ನುವುದೇ ಕಾರಣ. ಪಶು ಡಾಕ್ಟರು ಕಾಲುಬಾಯಿ ರೋಗದ ಚುಚ್ಚುಮದ್ದು ಹಾಕಲು ಮಾಗಡಿಯ ಕಡೆ ಹೋಗಿದ್ದರು, ಸಂಜೆಯ ತನಕ ಸಿಗುವಂತಿರಲಿಲ್ಲ. ಈ ಸಲ ನಾನು ನಮ್ಮ ಡಾಕ್ಟರ ಮುಂದೆ ಹೋಗಿ ನಿಂತು ನಡೆದದ್ದು ಹೇಳಿದೆ. ಅವರು ಗಡಿಯಾರ ನೋಡಿದರು. ಕಪಾಟಿನಿಂದ ಕುದುರೆಯ ಫಿಲ್ಮು ತೆಗೆದು ಕೊಟ್ಟು, ಒಂದು ಗಂಟೆಯಲ್ಲಿ ವಾಪಸು ಬರಬೇಕು ಎಂದರು. ಅದನ್ನು ಅವರು ಎಸೆದಿರಲಿಲ್ಲ ಎನ್ನುವುದೇ ನನಗೆ ಆವತ್ತು ಗೊತ್ತಾದದ್ದು.

ಅವಳನ್ನೂ ಕೂರಿಸಿಕೊಂಡು ಆಟೋದಲ್ಲಿ ಹೊರಟೆ. ನಾನು ಹೇಳಬೇಕಾದ್ದೇನು? ಗಂಟು ಉಳಿಯುತ್ತದೆ, ನೋವು ಹೋಗುತ್ತದೆ ಎಂದು ಪಶು ಡಾಕ್ಟರು ಒಮ್ಮೆ ಮಾತಿನ ನಡುವೆ ನನಗೆ ಹೇಳಿದ್ದರು. ಅದನ್ನು ಇವಳ ಗಂಡನಿಗೆ ಹೇಳಿದ್ದರೋ ಇಲ್ಲವೋ. ನೋವು ಹೋಗಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ; ಒತ್ತಿ ನೋಡಲು ಧೈರ್ಯವಾಗಿಲ್ಲ ಎಂದಳು ಅವಳು.

ಕೊಟ್ಟಿಗೆಯ ಮುಂದೆ ಬೆರಣಿಯ ಕೆಂಡ. ಅದರಲ್ಲಿ ಕಬ್ಬಿಣದ ಸಲಾಕೆಯ ತುದಿ ಕೆಂಪಗಾಗಿತ್ತು. ಬರೆ ಹಾಕುವವನು ಎಪ್ಪತ್ತರ ಮುದುಕ, ಶುಭ್ರವಾದ ಬಿಳಿ ಪಂಚೆ ಉಟ್ಟು ಕುಕ್ಕರಗಾಲಿನಲ್ಲಿ ಕೂತಿದ್ದ. ಕುದುರೆಯನ್ನು ಕಂಬಕ್ಕೆ ಗಿಡ್ಡ ಹಗ್ಗದಲ್ಲಿ ಬಿಗಿದಿದ್ದರು. ಗಂಡ ನನ್ನನ್ನು ನೋಡಿ ತಲೆ ತಗ್ಗಿಸಿದ.

"ಐದ್ವಾರ ನೀರು ಹೊಯ್ದೆ ಮೇಡಮ್ಮೋರೆ, ಒಂದಿನ ಬುಡ್ದಂಗೆ. ಗಂಟು ಹಂಗೇ ಐತೆ. ಕಂಪ್ನಿಯೋರು ಆಟೋ ಹತ್ಕಂಡ್ರು. ಇನ್ನೇನ್ ಮಾಡ್ಲಿ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಾಲಿಗೆ ಸುತ್ತಿದ್ದ ಒದ್ದೆ ಬಟ್ಟೆಯನ್ನು ಆಗಷ್ಟೇ ಬಿಚ್ಚಿದ್ದ. ನಾನು ಫಿಲ್ಮನ್ನು ಮುದುಕನ ಕೈಗೆ ಕೊಟ್ಟೆ. ಅವನು ಅದನ್ನು ಸೂರ್ಯನಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ. ಗಂಟು ಅಂದರೆ ಹೊಸ ಮೂಳೆ, ಅದು ಬೆಸುಗೆ, ಬೆಸುಗೆ ಕರಗುವುದಿಲ್ಲ, ಗಾತ್ರ ನೋಡಬೇಡಿ ನೋವು ನೋಡಿ ಎಂದು ನನಗೆ ತಿಳಿದಷ್ಟು ಹೇಳಿದೆ. ಕೊನೆಗೆ, "ಒತ್ತಿ ನೋಡಿ," ಎಂದೆ. "ಕಾಲು ಕಿತ್ತುಕೊಂಡರೆ ನಿಮ್ಮ ಇಷ್ಟ. ನಾನು ಸುಮ್ಮನೆ ಹೋಗುತ್ತೇನೆ."

ಆ ಮಾತು ಯಾಕೆ ಆಡಿದೆನೋ. ಹೆಂಡತಿ ನನ್ನನ್ನು ನೋಡಿದ ನೋಟ ಮರೆಯಲಾರೆ. ಅವಳ ಕೈಯಲ್ಲಿದ್ದ ಒಂದೇ ಒಂದು ದಾರಿಯನ್ನು ನಾನು ಪಣಕ್ಕೆ ಇಟ್ಟಿದ್ದೆ.

ಗಂಡ ಮಂಡಿಯೂರಿ ಕೂತು ಗಂಟಿನ ಮೇಲೆ ಹೆಬ್ಬೆರಳು ಇಟ್ಟ. ಮೊದಲು ಮೆಲ್ಲಗೆ, ಆಮೇಲೆ ಉಗುರು ಬೆಳ್ಳಗಾಗುವಷ್ಟು ಒತ್ತಿದ. ಕುದುರೆ ಕಿವಿ ಹಿಂದಕ್ಕೆ ಮಾಡಿತು. ಅದು ಕಾಲು ಎತ್ತಲಿಲ್ಲ. "ಸರಿ ಅತ್ಲಾಗೆ," ಎಂದು ಮುದುಕ ಎದ್ದು ಬಂದು, ಗಂಡನನ್ನು ಸರಿಸಿ ತಾನೇ ಒತ್ತಿದ. ಅಂಗೈಯನ್ನು ಮೇಲಿಂದ ಕೆಳಕ್ಕೆ ಎಳೆದು ಬಿಸಿ ಇದೆಯೇ ಎಂದು ನೋಡಿದ. ಮತ್ತೆ ಒತ್ತಿದ. ಕುದುರೆ ತಲೆ ತಿರುಗಿಸಿ ಹೆಂಡತಿಯ ಸೆರಗು ಮೂಸಿತು. ಅವನು ಅಷ್ಟಕ್ಕೇ ಬಿಡಲಿಲ್ಲ. ಹಗ್ಗ ಬಿಚ್ಚಿಸಿ, ಪಕ್ಕದ ಉತ್ತ ಹೊಲದಲ್ಲಿ ಹೆಂಡತಿಯ ಕೈಯಲ್ಲಿ ಓಡಿಸಿ ನೋಡಿದ. ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ಕುದುರೆಯ ಜೊತೆ ಹೋಗಿ ಬಂದಳು. ನಾಲ್ಕು ಕಾಲೂ ಸಮಕ್ಕೆ ಬೀಳುತ್ತಿದ್ದುದು ನನ್ನ ಕಣ್ಣಿಗೂ ಕಂಡಿತು.

ಮುದುಕ ಸಲಾಕೆಯನ್ನು ಕೆಂಡದಿಂದ ಎಳೆದು ಬಾನಿಯ ನೀರಿಗೆ ಅದ್ದಿದ. "ನೋವಿಲ್ಲದ್ ಕಾಲಿಗೆ ನಾನು ಬರೆ ಹಾಕಾಕಿಲ್ಲ ಕಣ್ಲಾ," ಎಂದ ಗಂಡನಿಗೆ. "ಒಸಿ ದಿನ ತಡ್ಕೊ."

ನನಗೆ ಅಲ್ಲಿ ನಿಲ್ಲಲು ಹೊತ್ತಿರಲಿಲ್ಲ. ಒಂದು ಗಂಟೆ ಮುಗಿಯಲು ಎರಡು ನಿಮಿಷ ಇರುವಾಗ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದೆ. ಡಾಕ್ಟರು ಒಬ್ಬರ ಕೈಗೆ ಪ್ಲಾಸ್ಟರು ಸುತ್ತುತ್ತಾ ಹುಬ್ಬು ಎತ್ತಿ ನೋಡಿದರು. ಹಾಕಲಿಲ್ಲ ಸರ್ ಎಂದೆ. ಅವರು ತಲೆ ಆಡಿಸಿ ಕೆಲಸ ಮುಂದುವರಿಸಿದರು. ಬೀಗದಕೈ ಮಾತ್ರ ನನಗೆ ಮತ್ತೆ ಬರಲಿಲ್ಲ.

ಎರಡು ತಿಂಗಳು ತುಂಬಿದ ಮೇಲೆ ಕುದುರೆಯನ್ನು ಗಾಡಿಗೆ ಕಟ್ಟಿದರು. ಕಂಪನಿಯವರಲ್ಲಿ ಇಬ್ಬರೇ ಮರಳಿ ಬಂದರು. ಅವರನ್ನು ಇಪ್ಪತ್ತು ನಿಮಿಷ ಮುಂಚೆ ಎಬ್ಬಿಸಿಕೊಂಡು, ಟಾರಿನ ಮೇಲೆ ನಡೆಸಿ, ರಸ್ತೆಯ ಪಕ್ಕ ಮಣ್ಣು ಸಿಕ್ಕಲ್ಲಿ ಮಾತ್ರ ಓಡಿಸುತ್ತಿದ್ದಾನೆ ಎಂದು ಪಶು ಡಾಕ್ಟರು ನನಗೆ ಹೇಳಿದರು. ಹಾಗೆ ಮೂರು ವರ್ಷ ನಡೆಯಿತು. ಆಮೇಲೆ ಆ ಪಕ್ಕದ ಮಣ್ಣೂ ಚರಂಡಿ ಕಾಂಕ್ರೀಟಿಗೆ ಹೋಯಿತು. ಗಂಡ ಒಂದು ಗೂಡ್ಸ್ ಆಟೋ ತೆಗೆದುಕೊಂಡ. ಕುದುರೆಯನ್ನು ಕನಕಪುರ ತಾಲ್ಲೂಕಿನ ಒಂದು ತೋಟದವರು ಬಂದು ಕೊಂಡರು, ಸವಾರಿಗೆ ಅಲ್ಲ, ತೋಟದೊಳಗೆ ಗೊಬ್ಬರ ಸಾಗಿಸುವ ಸಣ್ಣ ಗಾಡಿಗೆ.

ಕುದುರೆ ಮಾರಿದ ದಿನದ ಸಂಗತಿಯನ್ನು ಹೆಂಡತಿಯೇ ನನಗೆ ಹೇಳಿದಳು, ಮಣಿಕಟ್ಟು ಉಳುಕಿಸಿಕೊಂಡು ಫಿಲ್ಮು ತೆಗೆಸಿಕೊಳ್ಳಲು ಬಂದಿದ್ದಾಗ. ಕೊಳ್ಳುವವರು ಹಲ್ಲು ನೋಡಿದರಂತೆ, ಬೆನ್ನು ನೋಡಿದರಂತೆ, ಕಾಲಿಗೆ ಕೈ ಹಾಕಲಿಲ್ಲವಂತೆ. ಗಂಡ ಸುಮ್ಮನಿರು ಎಂದು ಕಣ್ಣು ಮಾಡಿದನಂತೆ. ಇವಳು ಅವರ ಕೈ ಹಿಡಿದು ತಂದು ಗಂಟಿನ ಮೇಲೆ ಇಡಿಸಿದಳಂತೆ. ಗಟ್ಟಿ ನೆಲದಲ್ಲಿ ಓಡಿಸಬೇಡಿ, ಮಿಕ್ಕದ್ದೆಲ್ಲ ನೆಟ್ಟಗಿದೆ ಎಂದಳಂತೆ. ಅವರು ಸ್ವಲ್ಪ ಹೊತ್ತು ಆಚೆ ಹೋಗಿ ತಮ್ಮತಮ್ಮಲ್ಲೇ ಮಾತಾಡಿಕೊಂಡು ಬಂದು, ಕುದುರೆಯನ್ನು ಹೊಡೆದುಕೊಂಡು ಹೋದರು.

"ಅದು ಹೋಗೋವಾಗ ನಾನು ಒಳೀಕ್ ಹೊಂಟೋದೆ," ಎಂದಳು. ಆಮೇಲೆ ಮಣಿಕಟ್ಟನ್ನು ನಾನು ಹೇಳಿದ ಹಾಗೆ ಪೆಟ್ಟಿಗೆಯ ಮೇಲೆ ಇಟ್ಟು, ಅಲುಗಾಡದೆ ಕೂತಳು.